ಕೂಲಿ ಮುಟ್ಟದ ಗಾದಿ

ಕುಂದಗೋಳದಲ್ಲಿ ಇಪ್ಪತ್ತೆರಡು ವರ್ಷ ಹತ್ತಿ ಹಿಂಜಿ ಗಾದಿ ಹೊಲಿದ ಇಮಾಮುದ್ದೀನ ಕಾಗದಪತ್ರದ ವಿಷಯದಲ್ಲಿ ಶುದ್ಧ ದಡ್ಡ. ಎದುರಿನ ಸೈಕಲ್ ಅಂಗಡಿಯವನಾದ ನಾನು ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಅಂಗಡಿ ಹಿಡಿಯುವಾಗ ಹೆಂಡತಿಯ ಬಂಗಾರ ಮಾರಿ, ಮಾಲೀಕರಾದ ಕೃಷ್ಣಾಜಿಯವರಿಗೆ ನಲವತ್ತು ಸಾವಿರ ಡಿಪಾಜಿಟ್ ಕೊಟ್ಟಿದ್ದ. ಅವರು ಬರೆದುಕೊಟ್ಟ ಕಾಗದವನ್ನು ಅಲ್ಲೇ ತಿರುಗಿ ಅವರ ಕೈಗಿಟ್ಟ. ನಮ್ಮ ಮಾಳಿಗೆ ಸೋರುತ್ತದೆ, ನಿಮ್ಮ ತಿಜೋರಿಯಲ್ಲೇ ಇರಲಿ ಎಂದ. ಮೇಲಾಗಿ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಆ ಮನೆಯ ಗಾದಿಗಳನ್ನೆಲ್ಲ ಬಿಚ್ಚಿ, ಹಿಂಜಿ, ಹೊಲಿದು ಕೊಡುತ್ತಿದ್ದ. ಕೂಲಿ ಮುಟ್ಟುತ್ತಿರಲಿಲ್ಲ.

ಕೃಷ್ಣಾಜಿ ತೀರಿಕೊಂಡರು. ಹುಬ್ಬಳ್ಳಿಯ ಕಾಲೇಜಿನಲ್ಲಿ ಕಲಿಸುವ ಮಗ ಶಿಶಿರ, ಹೊಸ ಕಟ್ಟಡ ಎಬ್ಬಿಸಲು ಅಂಗಡಿ ಬಿಡಿಸಿದ. ಇಮಾಮುದ್ದೀನನಿಗೆ ಗುಡಗೇರಿಯಲ್ಲಿ ಬೇರೆ ಅಂಗಡಿ ಸಿಕ್ಕಿತ್ತು. ಡಿಪಾಜಿಟ್ ಕೈಗೆ ಬಂದರೆ ಆ ಅಂಗಡಿ, ಇಲ್ಲದಿದ್ದರೆ ಹಿಂಜುವ ಮಶೀನು ಮಾರಬೇಕು. ಕೇಳಲು ಹೋದಾಗ ನಾನೂ ಜೊತೆಗಿದ್ದೆ.

ತಿಜೋರಿಯಲ್ಲಿ ಅಂಥ ಕಾಗದವಿಲ್ಲ, ಕಾಗದವಿಲ್ಲದೆ ಕೊಡಲಾಗದು ಎಂದು ಶಿಶಿರ ನಯವಾಗಿ ಹೇಳಿದ. ಆ ನಯಕ್ಕೇ ನನ್ನ ಮೈ ಉರಿಯಿತು. ಇಮಾಮುದ್ದೀನ, ತಾನು ಹೊಲಿದ ಗಾದಿಯ ಮೇಲೆ ಕೂತಿದ್ದ ಶಿಶಿರನ ತಾಯಿ ದ್ವಾರಕಾಬಾಯಿಯತ್ತ ತಿರುಗಿದ.

“ಕಾಕೂ, ಅವತ್ತ ಚಾ ತಂದು ಕೊಟ್ಟಾವ್ರು ನೀವ ಅಲ್ರಿ. ನಿಮ್ಮ ಮುಂದನ ಎಣಿಸಿ ಕೊಟ್ಟೇನ್ರಿ.”

ಅವರು ಮಗನ ಮುಖ ನೋಡಿದರು.

“ವಯಸ್ಸಾತಪಾ. ನೆನಪು ಉಳಿಯೂದಿಲ್ಲ.”

ಇಮಾಮುದ್ದೀನ ಕೈಮುಗಿದು ಎದ್ದುಬಂದ. ಊರ ಪಂಚರನ್ನು ಕೂಡಿಸೋಣ ಎಂದೆ. ಕಾಕೂನೇ ಹೀಗೆ ಅಂದ ಮೇಲೆ ಪಂಚರು ಯಾಕೆ ಎಂದ. ಮಶೀನು ಮಾರಿದ. ಈಗ ಗುಡಗೇರಿಯ ಮಶಾಕಸಾಬನ ಅಂಗಡಿಯಲ್ಲಿ ದಿನಗೂಲಿಗೆ ಹೊಲಿಯುತ್ತಾನೆ.

ಈ ಸಲ ದೀಪಾವಳಿಗೆ ಮುಂಚೆ ದ್ವಾರಕಾಬಾಯಿ ಟಂಟಂ ಗಾಡಿಯಲ್ಲಿ ಗಾದಿ ಹೇರಿಕೊಂಡು ತಾವೇ ಅಲ್ಲಿಗೆ ಬಂದರು. ಇವನ ಕೈಹೊಲಿಗೆಯಲ್ಲದೆ ನಿದ್ದೆ ಹತ್ತುವುದಿಲ್ಲವಂತೆ. ಸಂತೆಗೆ ಹೋದ ನಾನು ಅಲ್ಲೇ ಕೂತಿದ್ದೆ. ನನ್ನ ಕೈಯಲ್ಲಿದ್ದರೆ ಗಾದಿ ರಸ್ತೆಗೆ ಎಸೆಯುತ್ತಿದ್ದೆ. ಇಮಾಮುದ್ದೀನ ಎಂದಿನ ಹಾಗೆ ಬಿಗಿಯಾಗಿ ಹೊಲಿದು ಕೊಟ್ಟ. ಅವರು ಎಂದಿನ ಹಾಗೆ ಕೂಲಿಯ ಮಾತೆತ್ತದೆ ಹೊರಟರು.

“ಕಾಕೂ, ಆರನೂರು ರೂಪಾಯಿ ಆತ್ರಿ.”

ಅವರು ನಿಂತರು. ಚೀಲ ತಡಕಾಡಿ ರೊಕ್ಕ ತೆಗೆದುಕೊಟ್ಟರು. ಇಮಾಮುದ್ದೀನ ಅದನ್ನು ಅವರ ಮುಂದೆಯೇ ಎಣಿಸಿ ಮಶಾಕಸಾಬನಿಗೆ ಕೊಟ್ಟ. ಆಮೇಲೆ ಅಂಗಡಿಯ ಪುಸ್ತಕದಲ್ಲಿ ಒಂದು ಪಾವತಿ ಚೀಟಿ ಬರೆದು, ಹಾಳೆ ಹರಿದು, ಅವರ ಕೈಗಿಟ್ಟ.

“ಜ್ವಾಕಿ ಇಟ್ಕೋರಿ.”