ದುಂಡಗೆ ಕೊಯ್ದ ಅಂಚು

ನಮ್ಮ ಡ್ರಾಯಿಂಗ್ ಮಿಸ್ ಅವರ ಬಲಗೈ ಕಿರುಬೆರಳಿನ ಹೊರಬದಿ ಯಾವಾಗಲೂ ಕಪ್ಪಗೆ ಮಿರುಗುತ್ತಿತ್ತು. ಬರೆಯುವಾಗ ಅವರು ಅಂಗೈಯನ್ನು ಕಾಗದಕ್ಕೆ ತಾಗಿಸುತ್ತಿರಲಿಲ್ಲ. ಕಿರುಬೆರಳೊಂದನ್ನೇ ಊರಿ, ಅದರ ಮೇಲೆ ಕೈಯನ್ನು ಜಾರಿಸುತ್ತ ಹೋಗುತ್ತಿದ್ದರು. ಪೆನ್ಸಿಲ್ಲಿನ ಪುಡಿಯೆಲ್ಲ ಆ ಬೆರಳಿಗೇ. ಹಣೆಯ ಮೇಲೆ ಮಾತ್ರ ಅಚ್ಚ ಬಿಳಿ ವಿಭೂತಿ, ಕನ್ನಡಿ ನೋಡದೆ ಎಳೆದ ಮೂರು ಗೆರೆ, ಅಳತೆಪಟ್ಟಿ ಇಟ್ಟ ಹಾಗೆ. ದಿನವೂ ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದರು. ಎದ್ದು ನಿಂತು "ಸಾರಿ ಮಿಸ್" ಅನ್ನುವುದನ್ನು ಕಲಿಸಿದ ನಮ್ಮ ಕಾನ್ವೆಂಟಿನಲ್ಲಿ, ಕನ್ನಡದಲ್ಲಿ ಬೈಯುತ್ತಿದ್ದವರು ಅವರೊಬ್ಬರೇ.

"ಕಂಡದ್ದು ಬರೀರಿ. ಗೊತ್ತಿದ್ದದ್ದು ಬರೀಬ್ಯಾಡ್ರಿ" ಎಂಬುದು ಅವರ ಮಾತು. ಮೇಜಿನ ಮೇಲೆ ಮಾವಿನಹಣ್ಣು ಇಡುತ್ತಿದ್ದರು. ನಾವು ಎಲ್ಲೋ ಪುಸ್ತಕದಲ್ಲಿ ನೋಡಿದ ಮಾವಿನಹಣ್ಣು ಬರೆಯುತ್ತಿದ್ದೆವು. ಒಮ್ಮೆ ನನ್ನ ಹಾಳೆ ನೋಡಿ, "ಹಣ್ಣಿಗೆ ಈ ಕಡೆ ತಗ್ಗು ಐತಲ್ಲ, ಅದೆಲ್ಲಿ ಹೋತು? ನೀ ತಿಂದ್ಯಾ?" ಎಂದಿದ್ದರು. ಹಾಳೆ ಕೈಗೆ ತೆಗೆದುಕೊಳ್ಳುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: "ಏನರ ಉಳೀತೇನು?" ಆಗ ಇನ್ನೊಮ್ಮೆ ಹಣ್ಣಿನ ಕಡೆ ನೋಡುತ್ತಿದ್ದೆವು. ಏನೋ ಒಂದು ಉಳಿದೇ ಇರುತ್ತಿತ್ತು.

ಮದುವೆಯಾಗಿ ಕೆ.ಬಿ. ಬಡಾವಣೆಗೆ ಬಂದು, ನನ್ನ ಮಗಳೇ ಹೈಸ್ಕೂಲು ಮುಟ್ಟಿದ ಮೇಲೆ, ಮಂಡಿಪೇಟೆಯ ಕಾಗದದ ಅಂಗಡಿಯ ಮುಂದೆ ಅವರು ಮತ್ತೆ ಸಿಕ್ಕರು. ನಿವೃತ್ತರಾಗಿದ್ದರು. ನಮಸ್ಕಾರ ಮಾಡಿದವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಕಿರುಬೆರಳು. ಅದು ಬೆಳ್ಳಗಿತ್ತು.

"ಈಗ ಕಂಪ್ಯೂಟರ್‌ನಾಗೆ ಬರೀತೀನಮ್ಮ, ಮಸಿ ಹತ್ತಂಗಿಲ್ಲ. ಕೈ ಬೆಳ್ಳಗಾಗೈತೆ, ಇನ್ನ ಗಂಡು ನೋಡಬಹುದು ನನಗೆ" ಎಂದು ನಕ್ಕರು. ಅವರು ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು.

ಬರೆಯುತ್ತಿದ್ದದ್ದು ಮನುಷ್ಯರ ಹೊಟ್ಟೆಯೊಳಗಿನ ಲಿವರನ್ನು. ನಮ್ಮ ಬಡಾವಣೆಯ ಒಂದು ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು, ಮಿಸ್ ಅವರ ಹಳೆಯ ವಿದ್ಯಾರ್ಥಿನಿಯೇ, ಕಂಪ್ಯೂಟರಿಗೆ ಲಿವರಿನ ಆಕಾರ ಗುರುತಿಸುವುದನ್ನು ಕಲಿಸುತ್ತಿದ್ದರು. ಡೀಪ್ ಲರ್ನಿಂಗ್ ಎನ್ನುತ್ತಿದ್ದರು ಅದಕ್ಕೆ. ಸ್ಕ್ಯಾನಿನಲ್ಲಿ ಹೊಟ್ಟೆ ಬ್ರೆಡ್ಡಿನ ಹೋಳುಗಳಂತೆ ನೂರಾರು ಚಿತ್ರಗಳಾಗಿ ಬರುತ್ತದೆ. ಪ್ರತಿ ಹೋಳಿನಲ್ಲೂ ಲಿವರಿನ ಅಂಚಿನ ಗುಂಟ ಯಾರಾದರೂ ಕೈಯಿಂದ ಗೆರೆ ಎಳೆದು ತೋರಿಸಬೇಕು. ಅಂಥ ಗೆರೆಗಳನ್ನು ಸಾವಿರಗಟ್ಟಲೆ ನೋಡಿ ನೋಡಿ ಕಂಪ್ಯೂಟರು ತಾನೇ ಎಳೆಯಲು ಕಲಿಯುತ್ತದೆ. ಆಮೇಲೆ ಆಕಾರ ನೋಡಿಯೇ ಇದು ಕೆಟ್ಟ ಲಿವರು, ಇದು ಒಳ್ಳೆಯದು ಎಂದು ಹೇಳುತ್ತದೆ.

"ನಿನ್ನ ಗೆರೆ ಚೊಲೋ ಇತ್ತು. ಮಧ್ಯಾಹ್ನ ಮಲಗೋ ಬದಲು ಬಾ" ಎಂದರು. ಹೋದೆ.

ಸೆಂಟರಿನ ಹಿಂದಿನ ಕೋಣೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ಬುತ್ತಿಗೆ ನಾನು ಜೋಳದ ರೊಟ್ಟಿ ಒಯ್ಯುತ್ತಿದ್ದೆ. ತಟ್ಟಿದ ಮೇಲೆ ದೊಡ್ಡ ಡಬ್ಬಿಯ ಮುಚ್ಚಳ ಒತ್ತಿ ಬಿರುಕು ಬಿಟ್ಟ ಅಂಚನ್ನು ಕೊಯ್ದುಬಿಡುವುದು ನನ್ನ ರೂಢಿ, ಅತ್ತೆಯವರಿಗೆ ಬಿರುಕು ಕಂಡರೆ ಆಗುವುದಿಲ್ಲ. "ಚಂದ್ರಾಮ ಬಂದ ನೋಡು" ಎಂದು ಮಿಸ್ ಆ ರೊಟ್ಟಿಯನ್ನು ಮುರಿಯುತ್ತಿದ್ದರು.

ಲಿವರಿನಲ್ಲೂ ನಾನು ಅದನ್ನೇ ಮಾಡುತ್ತಿದ್ದೆ. ಕೆಲವು ಅಂಚುಗಳು ಹಲ್ಲುಹಲ್ಲಾಗಿ ಇರುತ್ತಿದ್ದವು. ಚಿತ್ರವೇ ಕಲಸಿಹೋಗಿದೆಯೇನೋ ಎಂದುಕೊಂಡು ಆ ಏರಿಳಿತವನ್ನೆಲ್ಲ ನಯವಾಗಿ ದಾಟಿಸಿ, ಒಂದೇ ಬೀಸಿನಲ್ಲಿ ಚೆಂದದ ಗೆರೆ ಎಳೆದುಬಿಡುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು.

ಒಂದು ದಿನ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. ಪರದೆಯ ಮೇಲೆ ಒಂದು ಲಿವರು ಇತ್ತು.

"ಮಿಸ್, ಇದು ಗಂಟುಗಟ್ಟಿ ಹಾಳಾಗಿರೋ ಲಿವರ್. ಅದು ನಮಗೆ ಮೊದಲೇ ಗೊತ್ತಿರೋದು, ಪರೀಕ್ಷೆ ಮಾಡೋಕೆ ಅಂತ ಕಂಪ್ಯೂಟರಿಗೆ ಕೊಟ್ಟೆ. ಸರಿಯಿದೆ ಅಂತಿದೆ. ಅಂಚು ನೋಡಿ ಎಷ್ಟು ನಯವಾಗಿ ಎಳೆದಿದೆ. ಆ ಅಂಕುಡೊಂಕೇ ಕಾಯಿಲೆ. ಇದನ್ನ ಎಲ್ಲಿಂದ ಕಲೀತು ಇದು?"

ನನಗೆ ಗೊತ್ತಾಯಿತು. ಪರದೆಯ ಮೇಲಿದ್ದದ್ದು ನನ್ನದೇ ಬೀಸು.

ಮಿಸ್ ಕನ್ನಡಕ ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖ ನೋಡಲಿಲ್ಲ, ಕೈ ನೋಡಿದರು. ಸ್ವಲ್ಪ ಕಾದರು. ಎದ್ದು ನಿಂತು "ಸಾರಿ ಮಿಸ್" ಅನ್ನಬೇಕಿತ್ತು. ಮಸಿ ಚೆಲ್ಲಿದ್ದಕ್ಕೆ, ತಡವಾಗಿ ಬಂದದ್ದಕ್ಕೆ ಎಷ್ಟು ಸಲೀಸಾಗಿ ಹೇಳಿದ ಮಾತು ಅದು. ನಾನು ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಕುಳಿತೆ.

"ನನ್ನ ಕೈ ತಪ್ಪು, ಡಾಕ್ಟ್ರೇ" ಎಂದರು ಮಿಸ್. "ಕಣ್ಣಿಗೆ ಪೊರೆ ಬಂದೈತೆ. ಎಲ್ಲಾ ತಿರುಗಿ ಬರ್ದು ಕೊಡ್ತೀನಿ."

ಮೆಟ್ಟಿಲು ಇಳಿಯುವಾಗ ಕೇಳಿದರು, "ರೊಟ್ಟಿ ಅಷ್ಟು ದುಂಡಗೆ ಹೆಂಗೆ ಮಾಡ್ತೀಯಮ್ಮ?"

"ಮುಚ್ಚಳ ಒತ್ತಿ ಕೊಯ್ತೀನಿ ಮಿಸ್."

"ಹಂಗಾರೆ ಹಿಟ್ಟಿನ ಹದ ತಪ್ಪಿದ್ದು ಯಾರಿಗೆ ಗೊತ್ತಾಗಬೇಕು?"

ಅಷ್ಟೇ ಅಂದದ್ದು. ಬೈದಿದ್ದರೆ ಅತ್ತುಬಿಡುತ್ತಿದ್ದೆ, ಅಳುವಿನ ಜೊತೆ ಮಾತೂ ಹೊರಗೆ ಬರುತ್ತಿತ್ತು. ಮಾರನೆಯ ದಿನದಿಂದ ಮಗಳ ಪರೀಕ್ಷೆಯ ನೆವ ಹೇಳಿ ಹೋಗುವುದನ್ನೇ ಬಿಟ್ಟೆ.

ಅವರು ಮಾತ್ರ ಬರುತ್ತಿದ್ದರು. ಕಣ್ಣಿನ ಆಪರೇಷನ್ನನ್ನು ಮುಂದಕ್ಕೆ ಹಾಕಿ, ನಾನು ಎಳೆದ ಗೆರೆಗಳನ್ನೆಲ್ಲ ಅಳಿಸಿ ಮೊದಲಿನಿಂದ ಎಳೆಯುತ್ತಿದ್ದರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗ ನಾಲ್ಕೈದು ಸಲ ಕಂಡಿದ್ದೇನೆ: ಬಿಸಿಲಿಗೆ ಕೊಡೆ ಹಿಡಿದು, ಇನ್ನೊಂದು ಕೈಯಿಂದ ಕಾಂಪೌಂಡ್ ಗೋಡೆಯನ್ನು ಸವರುತ್ತ ನಿಧಾನವಾಗಿ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ಕೂಗಿ ಕರೆಯಬಹುದಿತ್ತು. ಒದ್ದೆ ಸೀರೆಯ ಹಿಂದೆ ನಿಂತುಕೊಂಡೆ.

ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಗಳು ಹೇಗೆ ಬರೆದಳು, ಅತ್ತೆಯವರ ಮಂಡಿನೋವು ಹೇಗಿದೆ, ಹರಿಹರದಲ್ಲಿ ಹೊಳೆಗೆ ನೀರು ಬಂತು. ಮಾತು ಮುಗಿದು ನಾನು "ಇಡ್ಲಾ ಮಿಸ್" ಎಂದರೆ, ಫೋನಿಡುವ ಮುಂಚೆ ಕೇಳುತ್ತಿದ್ದರು: "ಏನರ ಉಳೀತೇನಮ್ಮ?"

"ಏನಿಲ್ಲ ಮಿಸ್."

ಮೇಷ್ಟ್ರ ಚಾಳಿ, ಇನ್ನೂ ಬಿಟ್ಟಿಲ್ಲ ಎಂದುಕೊಳ್ಳುತ್ತಿದ್ದೆ.

ಆ ಕೆಲಸ ಮುಗಿದ ವಾರವೇ, ಒಂದು ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದರಂತೆ. ಆಸ್ಪತ್ರೆ ಮುಟ್ಟಲಿಲ್ಲ. ಕಣ್ಣಿನ ಪೊರೆ ಹಾಗೇ ಇತ್ತು. ಹರಿಹರಕ್ಕೆ ಹೋದಾಗ ತಮ್ಮನ ಮನೆಯ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಬೇರೆ ಯಾರೋ ವಿಭೂತಿ ಹಚ್ಚಿದ್ದರು, ಗೆರೆ ಒಂದಕ್ಕೊಂದು ಸೇರಿಕೊಂಡಿತ್ತು. ಸರಿಮಾಡಲು ನನ್ನ ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

ಮಿಸ್ ಅವರ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿದ ದಿನ ಊಟದ ಪಂಕ್ತಿಯಲ್ಲಿ ಡಾಕ್ಟರು ನನ್ನ ಪಕ್ಕ ಕುಳಿತರು. ಎಲೆಗೆ ಬಡಿಸುತ್ತಿದ್ದಂತೆಯೇ ಹೇಳಿಬಿಟ್ಟೆ. "ಆ ಗೆರೆ ಮಿಸ್ ಅವರದಲ್ಲ, ನನ್ನದು."

ಅವರು ತಲೆ ಎತ್ತಲಿಲ್ಲ. "ಗೊತ್ತು ಅಕ್ಕಾ. ಯಾವ ಗೆರೆ ಯಾರು ಎಳೆದದ್ದು ಅಂತ ಕಂಪ್ಯೂಟರಿನಲ್ಲೇ ಹೆಸರು ಬರುತ್ತೆ. ಅವತ್ತು ಸಂಜೆಯೇ ನೋಡಿ ಮಿಸ್‌ಗೆ ಫೋನ್ ಮಾಡಿದ್ದೆ."

"ಏನಂದ್ರು?"

"ನಿಮ್ಮನ್ನ ಕೇಳಬ್ಯಾಡ ಅಂದ್ರು. 'ತಾನೇ ಹೇಳ್ತಾಳೆ, ನಾ ಕೇಳ್ತಿರ್ತೀನಿ' ಅಂದ್ರು."

ಎಲೆಯ ಮೇಲೆ ತುಪ್ಪ ಹರಡುತ್ತಿತ್ತು. ಎಷ್ಟು ವಾರ, ಎಷ್ಟು ಫೋನು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಸಲವೂ ತಪ್ಪದೆ ಅವರು ಕೇಳಿದ್ದರು. ಒಂದು ಸಲವೂ ತಪ್ಪದೆ ನಾನು ಏನಿಲ್ಲ ಎಂದಿದ್ದೆ.