ನನ್ನ ಮುಖ ಕಂಡರಾಗದ ಸಿಸ್ಟರ್

ಸಿಸ್ಟರ್ ಬೈಯುವುದು ಯಾರಿಗೆ ಎಂದು ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ಅವರ ತೋರುಬೆರಳು ತುದಿಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ನನ್ನ ಕಡೆ ಚಾಚಿದರೂ ಪಕ್ಕದವಳನ್ನು ತೋರಿಸುತ್ತಿತ್ತು. ನಾನು ನೆಮ್ಮದಿಯಿಂದ ಅವಳತ್ತ ತಿರುಗುತ್ತಿದ್ದೆ. "ಅವಳನ್ನ ಯಾಕಮ್ಮಾ ನೋಡ್ತೀಯ? ನಿನಗೆ ತಾನೆ ಹೇಳ್ತಿರೋದು."

ಸಿಸ್ಟರ್ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಕನ್ನಡದವರು. ಸೇನಾ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಪೋರೂರಿನ ಸಣ್ಣ ಮದುವೆ ಛತ್ರವೊಂದರ ಊಟದ ಹಾಲಿನಲ್ಲಿ, ಮುಹೂರ್ತವಿಲ್ಲದ ಭಾನುವಾರಗಳಂದು, ಕದನ ಕಂಡು ಬಂದ ಸೈನಿಕರನ್ನೂ ಅವರ ಮನೆಯವರನ್ನೂ ಸೇರಿಸುತ್ತಿದ್ದರು. ಆಗಾಗ ಮನೋವೈದ್ಯರೊಬ್ಬರು ಬಂದು ಮಾತ್ರೆ ನೋಡಿ ಹೋಗುತ್ತಿದ್ದರು. ಮಿಕ್ಕದ್ದೆಲ್ಲ ಸಿಸ್ಟರದೇ ವೈದ್ಯ. ಗಂಡಸರು ಇಬ್ಬಿಬ್ಬರಾಗಿ ಕೋಯಂಬೇಡಿನ ದೊಡ್ಡ ಮಾರ್ಕೆಟ್ಟಿಗೆ ಹೋಗಿ, ಆ ನೂಕುನುಗ್ಗಲಿನಲ್ಲಿ ತರಕಾರಿ ಕೊಂಡು ತರಬೇಕು. ಎಲ್ಲರೂ ಹೆಚ್ಚಿ, ಬೇಯಿಸಿ, ಉಂಡು, ಆಮೇಲೆ ಸುತ್ತಲೂ ಕುರ್ಚಿ ಹಾಕಿಕೊಂಡು ಮಾತಾಡಬೇಕು.

ನಮ್ಮನೆಯವರು ಗಡಿಯ ಠಾಣೆಯೊಂದರಲ್ಲಿ ಜೊತೆಗಾರರನ್ನು ಕಳೆದುಕೊಂಡು ಬಂದಿದ್ದರು. ಲಿಫ್ಟಿನ ಬಾಗಿಲು ಬಡಿದರೆ ಗೋಡೆಗೆ ಆತುಕೊಳ್ಳುತ್ತಿದ್ದರು. ಅವರದು ಒಂದೇ ಹಟ, ಬೇರೆ ರೂಮು ಮಾಡಿಕೊಂಡು ಒಬ್ಬನೇ ಇರುತ್ತೇನೆ ಎಂದು. "ನಿದ್ದೆಗಣ್ಣಲ್ಲಿ ನಿನಗೇನಾದ್ರೂ ಮಾಡಿಬಿಟ್ರೆ?" ಎನ್ನುತ್ತಿದ್ದರು. ಸಿಸ್ಟರ್ ಅದನ್ನು ಕೇಳಿ, "ರೂಮು ಆಮೇಲೆ ನೋಡೋಣ. ಮೊದಲು ಬದನೆಕಾಯಿ ತಗೊಂಡು ಬಾಪ್ಪಾ" ಎಂದರು.

ನಾನು ವಿಮೆ ಕಂಪನಿಯವಳು. ಆಗದ ಅನಾಹುತಗಳನ್ನು ಊಹಿಸುವುದಕ್ಕೇ ಸಂಬಳ ಪಡೆಯುವವಳು. ಗಂಡ ಆ ಗದ್ದಲದಲ್ಲಿ ಕುಸಿದು ಬಿದ್ದರೆ ಎಂದು ಮುಖಕ್ಕೆ ದುಪಟ್ಟಾ ಸುತ್ತಿ, ಕಪ್ಪು ಕನ್ನಡಕ ಹಾಕಿ, ಅವರ ಹಿಂದೆಯೇ ಕೋಯಂಬೇಡಿಗೆ ಹೋದೆ. ಎಲೆಕೋಸಿನ ರಾಶಿ ಮರೆಯಿಂದ ಬಾಳೆಗೊನೆ ಮರೆಗೆ ಜಾರುತ್ತ, ನನ್ನ ಜಾಣತನಕ್ಕೆ ನಾನೇ ಬೀಗುತ್ತ ನಡೆದೆ. ಬೆನ್ನ ಹಿಂದೆ ಯಾರಿದ್ದಾರೆಂದು ವರ್ಷಗಟ್ಟಲೆ ನೋಡಿಯೇ ಬದುಕುಳಿದವನನ್ನು ಹಿಂಬಾಲಿಸುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ. ಈರುಳ್ಳಿ ಮೂಟೆಗಳ ಸಂದಿಯಿಂದ ಒಂದು ಕೈ ಬಂದು ನನ್ನ ಮಣಿಕಟ್ಟನ್ನು ತಿರುಚಿ ಗೋಡೆಗೆ ಒತ್ತಿತು. ಕನ್ನಡಕ ಬಿತ್ತು. ನಾನೆಂದು ತಿಳಿದದ್ದೇ ಅವರು ಕೊಳೆತ ಸೊಪ್ಪಿನ ಮೇಲೆ ಕೂತುಬಿಟ್ಟರು. ಜೊತೆಗಿದ್ದ ಹವಾಲ್ದಾರರು ತಾವೂ ಪಕ್ಕದಲ್ಲಿ ಕೂತರು.

ಛತ್ರದಲ್ಲಿ ಸಿಸ್ಟರ್ ಎಲ್ಲರ ಎದುರೇ ಶುರುಮಾಡಿದರು. "ನಿನ್ನನ್ನ ಯಾರು ಕರ್ದ್ರು ಅಲ್ಲಿಗೆ? ಮನೇಲೂ ಕಾವಲು, ಮಾರ್ಕೆಟ್‌ಲೂ ಕಾವಲು. ಹಗಲೆಲ್ಲ ನಿನ್ನ ಹೆದರಿದ ಮೂತಿ ನೋಡಿದ್ರೆ ಅವನಿಗೆ ಏನನ್ಸತ್ತೆ? ಎಲ್ಲೋ ಎನಿಮಿ ಇದ್ದಾನೆ ಅಂತ ತಾನೆ?"

"ನಿಮಗೂ ಗಂಡ ಮಕ್ಕಳು ಅಂತ ಇದ್ದಿದ್ರೆ ಗೊತ್ತಾಗ್ತಿತ್ತು," ಎಂದೆ.

"ಇಲ್ಲಮ್ಮಾ. ಅದಕ್ಕೇ ಭಾನುವಾರ ಫ್ರೀ ಇದ್ದೀನಿ. ಹೋಗು, ಚುಮ್ಮಾ ನಿಲ್ಲಬೇಡ, ಈರುಳ್ಳಿ ಹೆಚ್ಚು."

ಹೆಚ್ಚಿದೆ. ಅಳುವುದಕ್ಕೆ ಅದಕ್ಕಿಂತ ಮರ್ಯಾದಸ್ಥ ನೆಪ ಇರಲಿಲ್ಲ.

ಮನೆಗೆ ಬಂದು ಇವರು ಪೆಟ್ಟಿಗೆ ಕಟ್ಟಿದರು. ನನ್ನ ಊದಿದ ಮಣಿಕಟ್ಟನ್ನು ನೋಡಲಾರದೆ, ಗಿಂಡಿ ಬಡಾವಣೆಯ ಕಡೆ ರೂಮು ಗೊತ್ತುಮಾಡಿಕೊಂಡಿದ್ದರು. ಇವರು ಹೊರಡುವ ಮೊದಲೇ, ಆ ವಾರವೇ, ಸಿಸ್ಟರ್ ಹೇಳದೆ ಕೇಳದೆ ನಮ್ಮ ಫ್ಲಾಟಿಗೆ ಬಂದರು. ನಾನು ಕೊಟ್ಟ ಕಾಫಿಯನ್ನು ಕುಡಿದು, ಚೆನ್ನಾಗಿಲ್ಲ ಎಂದರು.

"ಈ ಸಲ ಮಾರ್ಕೆಟ್‌ಗೆ ಇಬ್ರೂ ಹೋಗಿ. ಅವಳು ಮುಂದೆ, ನೀನು ಹಿಂದೆ. ಏನಮ್ಮಾ, ಒಂದು ಸಲನೂ ತಿರುಗಿ ನೋಡಬಾರದು. ನೋಡಿದ್ಯೋ, ಇವನ ಪೆಟ್ಟಿಗೆ ನಾನೇ ಹೊತ್ಕೊಂಡು ಹೋಗಿ ಆ ರೂಮಲ್ಲಿ ಇಡ್ತೀನಿ."

ಕ್ರೂರ ಹೆಂಗಸು. ಮುಂದಿನ ಭಾನುವಾರ ಕೋಯಂಬೇಡಿನ ಉದ್ದಕ್ಕೂ ನಾನು ಕತ್ತು ಉಳುಕಿದವಳಂತೆ ನಡೆದೆ. ಹಿಂದೆ ಏನೋ ಧೊಪ್ಪೆಂದು ಬಿತ್ತು. ಯಾರೋ ಕೂಗಿದರು. ಇವರು ಬಿದ್ದರು, ಸತ್ತರು, ನಾನು ವಿಧವೆಯಾದೆ, ಪಿಂಚಣಿಗೆ ಓಡಾಡಿದೆ, ಎಲ್ಲ ಟೊಮೆಟೊ ಸಾಲು ಮುಗಿಯುವಷ್ಟರಲ್ಲೇ ಆಗಿಹೋಯಿತು. ತಿರುಗಲಿಲ್ಲ. ಗೇಟಿನ ಹೊರಗೆ ನಿಂತೆ. ಬಹಳ ಹೊತ್ತಾದ ಮೇಲೆ ಬೆವರಿ ಒದ್ದೆಯಾಗಿ ಬಂದವರ ಕಂಕುಳಲ್ಲಿ ನುಗ್ಗೆಕಾಯಿಯ ಕಟ್ಟು ಇತ್ತು.

"ಬೆಂಡೆಕಾಯಿ ಬಲಿತದ್ದು ತಗೊಂಡಿದ್ದೀಯ," ಎಂದರು. "ಹಿಂದಿನಿಂದಲೇ ಕಾಣ್ತಿತ್ತು."

ಸಂಜೆ ಪೆಟ್ಟಿಗೆ ಬಿಚ್ಚಿ ಅಂಗಿಗಳನ್ನು ಬೀರುವಿಗೆ ಹಾಕಿದರು.

ಸಿಸ್ಟರ್ ಇದಕ್ಕೆ ನನ್ನನ್ನು ಮೆಚ್ಚಲಿಲ್ಲ. ಮುಂದಿನ ವರ್ಷಗಳಲ್ಲೂ ಅವರಿಗೆ ನನ್ನನ್ನು ಕಂಡರೆ ಆಗಲಿಲ್ಲ, ನನಗೂ ಅವರನ್ನು ಕಂಡರೆ ಆಗಲಿಲ್ಲ. ಹೋದ ವರ್ಷ ಅವರು ಪೋರೂರಿನ ಆಸ್ಪತ್ರೆಯಲ್ಲಿ ಮಲಗಿದಾಗ ನಾನು ಹಾರ್ಲಿಕ್ಸ್ ಬಾಟಲಿ ಹಿಡಿದು ಹೋದೆ. ಮೊದಲೇ ಒಳಗೆ ಹೋಗಿದ್ದ ಇವರಿಗೆ ಸಿಸ್ಟರ್ ಹೇಳುವುದು ಕೇಳಿಸಿತು: "ಅವಳನ್ನ ಒಳಗೆ ಬಿಡಬೇಡಪ್ಪಾ. ಆ ಮುಖ ನೋಡಿದ್ರೆ ನಾನು ಈಗಲೇ ಹೋಗಿಬಿಡ್ತೀನಿ." ನಮ್ಮನೆಯವರು ನಕ್ಕದ್ದೂ ಕೇಳಿಸಿತು. ಮಧ್ಯಾಹ್ನವೆಲ್ಲ ಅವರು ಒಳಗೆ, ಕಿರುಗುಟ್ಟುವ ಯಂತ್ರಗಳ ನಡುವೆ ಕೂತು ಸಿಸ್ಟರಿಗೆ ಚಮಚದಲ್ಲಿ ನೀರು ಕುಡಿಸಿದರು. ನಾನು ಹೊರಗೆ ಕೂತು, ಒಳಗೆ ಹೋದರೆ ಹೇಳಬೇಕಾದ ಕೃತಜ್ಞತೆಯನ್ನೂ, ಅದರ ಜೊತೆಗೆ ಒಂದೆರಡು ಖಾರದ ಮಾತನ್ನೂ ಜೋಡಿಸಿಕೊಳ್ಳುತ್ತಿದ್ದೆ.

ಸಂಜೆ ಇವರು ಬಾಗಿಲು ತೆರೆದು ಹೊರಬಂದರು. "ಹೋದ್ರು," ಎಂದರು.

ಬಿಲ್ಲು, ಆಂಬುಲೆನ್ಸು, ಯಾರಿಗೆ ತಿಳಿಸಬೇಕು, ಇವರಿಗೆ ಮಾತ್ರೆ ಕೊಟ್ಟೆನೇ, ಎಲ್ಲ ಒಟ್ಟಿಗೆ ನುಗ್ಗಿ ಬಂದು ನಾನು ಎದ್ದೆ.

"ಕೂತ್ಕೋ," ಎಂದರು ಅವರು. "ಅವರ ತಮ್ಮನಿಗೆ ನಾನು ಫೋನ್ ಮಾಡ್ತೀನಿ. ಮಿಕ್ಕದ್ದೂ ನಾನೇ ನೋಡ್ಕೋತೀನಿ. ನೀನು ಅಳು."

ಕೂತೆ. ಅವರು ಕಾರಿಡಾರಿನ ತುದಿಯವರೆಗೆ ನಡೆದುಹೋಗಿ, ಕೌಂಟರಿನ ಗದ್ದಲದೊಳಗೆ ಸೇರಿಕೊಂಡರು.