ಗುರುವಾರದ ಹಲ್ಲುನೋವು

ಮದುವೆಯಾದ ಹೊಸದರಲ್ಲಿ, ಒಂದೂ ಕೆಡದ, ಒಂದೂ ಅಲುಗದ ಹಲ್ಲುಗಳನ್ನು ಬಾಯಿ ತುಂಬ ಇಟ್ಟುಕೊಂಡು ನಾನು ನಾಲ್ಕು ತಿಂಗಳು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದಿದ್ದೇನೆ. ಸುತ್ತ ಹತ್ತು ಜನ ಕುಳಿತು ಕಡಕ್ ರೊಟ್ಟಿ ಮುರಿಯುವ ಸದ್ದು, ಹಸಿ ಉಳ್ಳಾಗಡ್ಡಿ ಕಡಿಯುವ ಸದ್ದು. ಅದರ ನಡುವೆ ಸದ್ದೇ ಇಲ್ಲದ ನನ್ನದೊಂದು ಬಟ್ಟಲು. ರೊಟ್ಟಿಯ ರುಚಿಯಲ್ಲಿ ಅರ್ಧ ಪಾಲು ಅದರ ಸದ್ದಿನದೇ ಎಂಬುದು ನನಗೆ ತಿಳಿದದ್ದು ಆಗ.

ಮೊನ್ನೆ ಪತ್ರಿಕೆಯ ಪುರವಣಿಯಲ್ಲಿ, ಗಂಡ-ಹೆಂಡತಿ ವಾರಕ್ಕೊಂದು ಸಂಜೆಯನ್ನು ಎಲ್ಲಿ ಕಳೆಯಬಹುದು, ಅದಕ್ಕೆ ಎಷ್ಟು ಖರ್ಚು ಎಂದು ಒಂದು ಪಟ್ಟಿ ಬಂದಿತ್ತು. ಹೋಟೆಲಿನಲ್ಲಿ ಊಟಕ್ಕೆ ಇಷ್ಟು, ಸಿನಿಮಾಕ್ಕೆ ಇಷ್ಟು, ಮೇಜಿನ ಮೇಲೆ ಮೊಂಬತ್ತಿ ಹಚ್ಚಿಸಿಕೊಂಡರೆ ಮತ್ತಿಷ್ಟು. ಕರೆಂಟು ಹೋದಾಗಲೆಲ್ಲ ನಾವು ಮೊಂಬತ್ತಿಯ ಬೆಳಕಿನಲ್ಲಿ ಪುಕ್ಕಟೆಯಾಗಿ ಉಂಡ ಊಟಗಳು ನೆನಪಾಗಿ ನಗು ಬಂತು. ಆ ಪಟ್ಟಿಯನ್ನು ನನ್ನ ಕಾಲಕ್ಕೆ ಒಗ್ಗಿಸಿ ಬರೆಯೋಣವೆಂದು ತೊಂಬತ್ತರ ದಶಕದ ನಡುವಿನ ನನ್ನ ಹಳೆಯ ಡೈರಿಯನ್ನು ತೆಗೆದೆ. ತೆಗೆದ ಮೇಲೆ ನೆನಪಾಯಿತು, ಆ ಡೈರಿ ಸುಳ್ಳು ಹೇಳುತ್ತದೆ.

ವಿವರಿಸುತ್ತೇನೆ, ಕೇಳಿ. ಧಾರವಾಡದ ನಮ್ಮ ಮನೆಯಲ್ಲಿ ಆಗ ನಾವು ಹನ್ನೊಂದು ಜನ. ಅತ್ತೆ, ಮಾವ, ಭಾವ, ನೆಗೆಣ್ಣಿ, ಅವರ ನಾಲ್ಕು ಮಕ್ಕಳು, ಲಗ್ನವಾಗದ ನಾದಿನಿ, ನಾವಿಬ್ಬರು. ಮನೆ ದೊಡ್ಡದೇ, ಆದರೆ ಹೊಸ ಜೋಡಿ ಎರಡು ಮಾತಾಡುವಷ್ಟು ದೊಡ್ಡದಲ್ಲ. ಹೊರಗೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಇಬ್ಬರೇ ಹೋಗುವುದಕ್ಕೆ. ತೋಟಕ್ಕೆ ಎಂದರೆ ನಾಲ್ಕೂ ಮಕ್ಕಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದವು. ಗುಡಿಗೆ ಎಂದರೆ ನಾದಿನಿ, ಅವಳ ಹಿಂದೆ ಪಕ್ಕದ ಮನೆಯ ಅವಳ ಗೆಳತಿ. ಸಿನಿಮಾ ಎಂದರಂತೂ ಏಳು ಟಿಕೀಟು, ಅದರಲ್ಲಿ ಗಂಡ ಒಂದು ತುದಿಗೆ, ಹೆಂಡತಿ ಇನ್ನೊಂದು ತುದಿಗೆ. ಜೊತೆಗೆ ಇನ್ನೊಂದು ರಿವಾಜು: ಅಡ್ಡಾಡಲು ಹೋದವರು ಬರಿಗೈಯಲ್ಲಿ ಬರಬಾರದು. ಇಬ್ಬರು ನಿಂತು ತಿಂದ ಗಿರಮಿಟ್ಟಿಗೆ ಆರೇಳು ರೂಪಾಯಿ, ಅದನ್ನು ತಿಂದ ತಪ್ಪಿಗೆ ಮನೆಗೆ ಕಟ್ಟಿಸಿಕೊಂಡು ಬರುವ ಮಿರ್ಚಿ ಭಜಿಗೆ ಅದರ ನಾಲ್ಕು ಪಟ್ಟು.

ಒಂದೇ ಒಂದು ಜಾಗಕ್ಕೆ ಮಕ್ಕಳು ಬೆನ್ನು ಹತ್ತುತ್ತಿರಲಿಲ್ಲ, ಅಲ್ಲಿಂದ ಬರುವಾಗ ಯಾರೂ ತಿಂಡಿಯ ಪೊಟ್ಟಣ ನಿರೀಕ್ಷಿಸುತ್ತಿರಲಿಲ್ಲ. ಅದು ದವಾಖಾನೆ.

ಹಲ್ಲುನೋವಿನ ಉಪಾಯ ಮೊದಲು ಯಾರ ತಲೆಗೆ ಹೊಳೆಯಿತು ಎಂಬ ಬಗ್ಗೆ ನಮ್ಮ ಮನೆಯವರಿಗೂ ನನಗೂ ಇವತ್ತಿನವರೆಗೆ ಒಮ್ಮತವಿಲ್ಲ. ನಾನು ಎಂದು ಅವರು, ಅವರು ಎಂದು ನಾನು. ಹಲ್ಲು ಮಾತ್ರ ನನ್ನದಾಯಿತು. ಹುಬ್ಬಳ್ಳಿಯಲ್ಲಿ ಅವರ ಆಫೀಸು. ಗುರುವಾರ ಅವರ ಸಾಹೇಬರು ಮಠಕ್ಕೆ ಹೋಗಲು ಆಫೀಸಿನಿಂದ ಬೇಗನೆ ಎದ್ದುಬಿಡುತ್ತಿದ್ದರು, ಅವರ ಬೆನ್ನಿಗೇ ಇವರೂ. ಹೀಗಾಗಿ ಹುಬ್ಬಳ್ಳಿಯ ಡಾಕ್ಟರು ನನ್ನ ಹಲ್ಲನ್ನು ಪ್ರತಿ ಗುರುವಾರವೇ ನೋಡಬೇಕಾಯಿತು. ನಾನು ಮಧ್ಯಾಹ್ನ ಮೂರರ ಬಸ್ಸು ಹಿಡಿದು, ಕೆನ್ನೆಯ ಮೇಲೆ ಸೆರಗು ಒತ್ತಿಕೊಂಡು, ಓಣಿ ದಾಟುವವರೆಗೆ ನರಳುತ್ತ ಹೋಗುತ್ತಿದ್ದೆ.

ಆ ಡೈರಿ ಪಡಸಾಲೆಯ ಗೂಡಿನಲ್ಲಿ ಇರುತ್ತಿತ್ತು. ಎಂ.ಎ. ಓದುವಾಗಿನಿಂದ ದಿನಾ ಬರೆಯುವ ರೂಢಿ ನನಗೆ. ಅದನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆ ಮಾತ್ರ ಮದುವೆಯಾದ ಎರಡನೇ ವಾರಕ್ಕೇ ಹೋಯಿತು. ನೆಗೆಣ್ಣಿ ರೊಟ್ಟಿ ಬಡಿಯುತ್ತ ಸಹಜವಾಗಿ ಕೇಳಿದಳು: “ಅಲ್ಲಬೇ, ನಿನ್ನಿ ಬದನಿಕಾಯಿ ಪಲ್ಯಾದಾಗ ಉಪ್ಪು ಕಮ್ಮಿ ಇತ್ತಂತ ಬರದೀಯಲ್ಲ, ಉಣ್ಣೂಮುಂದ ಬಾಯಿಬಿಟ್ಟು ಹೇಳಿದ್ರ ಹಾಕ್ತಿದ್ನಲ್ಲ?” ಅಂದಿನಿಂದ ಡೈರಿ ಮನೆಯವರೆಲ್ಲರ ಓದಿಗೆ ತಕ್ಕಂತೆ ಸಭ್ಯವಾಯಿತು. ಗುರುವಾರಗಳಂದು ಅದರಲ್ಲಿ ಎರಡೇ ಶಬ್ದ: ‘ಹುಬ್ಬಳ್ಳಿ. ಹಲ್ಲು.’

ನಿಜವಾಗಿ ಆ ಗುರುವಾರಗಳಲ್ಲಿ ನಾವು ಏನು ಮಾಡಿದೆವು? ಉಣಕಲ್ಲ ಕೆರೆಯ ಏರಿಯ ಮೇಲೆ ಕುಳಿತೆವು. ಖರ್ಚು: ಒಂದು ರೂಪಾಯಿಯ ಹುರಿದ ಶೇಂಗಾ. ಗಾಜಿನ ಮನೆಯ ತೋಟದಲ್ಲಿ, ಉಳಿದ ಜೋಡಿಗಳಿಂದ ಮರ್ಯಾದೆಯ ದೂರ ಬಿಟ್ಟು, ಹುಲ್ಲಿನ ಮೇಲೆ ಕುಳಿತೆವು. ಖರ್ಚು: ಒಳಗೆ ಬಿಡುವ ಚೀಟಿ. ದುರ್ಗದ ಬೈಲಿನಲ್ಲಿ ಬಳೆ ಅಂಗಡಿಗಳ ಮುಂದೆ ಏನೂ ಕೊಳ್ಳದೆ ಅಡ್ಡಾಡಿದೆವು, ಖರ್ಚು ಏನೂ ಇಲ್ಲ. ಒಮ್ಮೆ ಮಳೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆಯೇ ಎರಡು ತಾಸು ಕುಳಿತು, ಮೊದಲ ಸಲ ಇವರು ನನಗೆ ತಮ್ಮ ಶಾಲೆಯ ಹತ್ತನೇ ಇಯತ್ತೆಯ ಕತೆ ಹೇಳಿದರು. ಖರ್ಚು ಎರಡು ಚಹಾ. ಇದೆಲ್ಲ ನೆನಪಿನಿಂದ ಬರೆಯುತ್ತಿರುವುದು, ಆದ್ದರಿಂದ ಪೂರ್ತಿ ನಂಬಬೇಡಿ. ಮಳೆಯ ದಿನ ಕುಡಿದದ್ದು ಚಹಾ ಅಲ್ಲ, ಕಷಾಯ ಎನ್ನುತ್ತಾರೆ ಇವರು. ಕತೆಯನ್ನು ಹೇಳಿದ್ದೂ ಅಲ್ಲಿ ಅಲ್ಲವಂತೆ.

ಏನೇ ಇರಲಿ, ಪುರವಣಿಯ ಪಟ್ಟಿಗೆ ಹೋಲಿಸಿದರೆ ನಮ್ಮದು ಬಲು ಅಗ್ಗದ ಸಂಸಾರ. ಹಾಗೆಂದು ನಾನೂ ತಿಳಿದಿದ್ದೆ, ಅತ್ತೆ ಅಡಿಕೆ ಬಿಡುವವರೆಗೆ.

ನಮ್ಮ ಅತ್ತೆಗೆ ಇದ್ದ ಸುಖ ಒಂದೇ. ಮಧ್ಯಾಹ್ನ ಎಲ್ಲರ ಊಟ ಮುಗಿದು, ಪಾತ್ರೆಗಳ ಸದ್ದು ಅಡಗಿದ ಮೇಲೆ, ಪಡಸಾಲೆಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುವುದು. ಆ ಅರ್ಧ ತಾಸು ಅವರನ್ನು ಯಾರೂ ಕರೆಯುವಂತಿರಲಿಲ್ಲ. ನನ್ನ ಹಲ್ಲುನೋವು ಎರಡು ತಿಂಗಳು ದಾಟಿದ ಮೇಲೆ, ಒಂದು ಗುರುವಾರ ಸಂಜೆ ನಾನು ಶೇಂಗಾದ ಸಿಪ್ಪೆಯನ್ನು ಸೀರೆಯಿಂದ ಕೊಡವಿಕೊಂಡು ಮನೆಯೊಳಗೆ ಬಂದಾಗ ಅತ್ತೆ ಕೇಳಿದರು:

“ಏನಂದ್ರು ಡಾಕ್ಟ್ರು?”

“ಇನ್ನೂ ಸ್ವಲ್ಪ ದಿನ ಬರಬೇಕಂತರಿ.”

“ಅವರ ಕೈಲೆ ಆಗೂದಿಲ್ಲ ಬಿಡು ಅದು. ನಾ ದೇವರಿಗೆ ಬೇಡ್ಕೊಂಡೇನಿ. ನಿನ್ನ ಹಲ್ಲು ಛಲೋ ಆಗೂತನಾ ಅಡಿಕಿ ಮುಟ್ಟಂಗಿಲ್ಲ.”

ನಾನು ಗಾಬರಿಯಿಂದ, “ಬ್ಯಾಡ್ರಿ ಅತ್ತೀ, ಅಂಥಾದ್ದೇನೂ ಆಗಿಲ್ಲ,” ಎಂದೆ.

“ಆಗಿಲ್ಲ ಅಂತೀ, ಎಂಟು ದಿನಕ್ಕೊಮ್ಮಿ ಮಾರಿ ಸಣ್ಣದು ಮಾಡ್ಕೊಂಡು ಹೋಗ್ತೀ. ಹಾಲು ರೊಟ್ಟಿ ತಿಂದು ತಿಂದು ಮೈಯಾಗ ಏನು ಉಳದೈತಿ? ನಿಮ್ಮ ತವರುಮನಿಯವ್ರು ಬಂದು ನೋಡಿದ್ರ ನನಗ ಏನಂದಾರು?”

ಈಗ ಪೇಚು ನಿಮಗೆ ಅರ್ಥವಾಗಿರಬೇಕು. ‘ಹಲ್ಲು ಛಲೋ ಆತ್ರಿ’ ಎಂದು ಮರುದಿನ ಹೇಳಿಬಿಟ್ಟಿದ್ದರೆ ಅತ್ತೆಗೆ ಅಡಿಕೆ ಮರಳಿ ಸಿಗುತ್ತಿತ್ತು, ನಮಗೆ ಗುರುವಾರ ತಪ್ಪುತ್ತಿತ್ತು. ನಾನು ಹೇಳಲಿಲ್ಲ. ಇದೊಂದು ಗುರುವಾರ ಆಗಲಿ ಎಂದುಕೊಂಡೆ. ಅದು ಆದ ಮೇಲೆ ಇನ್ನೊಂದು. ಹೀಗೆ ಎಷ್ಟು ವಾರ ಎಳೆದೆ ಎಂದು ಕೇಳಿದರೆ, ಮೂರು ಎಂದು ಇಷ್ಟು ವರ್ಷ ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಇವರು ಒಂದೇ ವಾರ ಎನ್ನುತ್ತಾರೆ. ಮೊನ್ನೆ ಡೈರಿ ತೆಗೆದು ನೋಡಿದೆ. ಯಾರ ಕಣ್ಣಿನಿಂದಲೂ ಮರೆಮಾಚುವ ಅಗತ್ಯವಿಲ್ಲದ ಒಂದು ಸಾಲು ಅದರಲ್ಲಿತ್ತು: ‘ಅತ್ತೆ ಇಂದಿನಿಂದ ಅಡಿಕೆ ಬಿಟ್ಟರು.’ ಅದರ ನಂತರ ‘ಹುಬ್ಬಳ್ಳಿ. ಹಲ್ಲು.’ ಎಂಬುದು ಏಳು ಸಲ ಬಂದಿದೆ. ಎಲ್ಲಿಗೆ ಹೋಗಿದ್ದೆನೆಂಬುದನ್ನು ಮುಚ್ಚಿಟ್ಟ ಡೈರಿ, ಎಷ್ಟು ಸಲ ಹೋಗಿದ್ದೆನೆಂಬುದನ್ನು ಮುಚ್ಚಿಡಲಿಲ್ಲ. ಎಲ್ಲವನ್ನೂ ಬಿಚ್ಚಿ ಹೇಳುವ ನನ್ನ ನೆನಪೇ ನಾಲ್ಕು ವಾರಗಳನ್ನು ಸದ್ದಿಲ್ಲದೆ ನುಂಗಿತ್ತು. ಸುಳ್ಳು ಬರೆಯುವ ಕೈಗಿಂತ ಸಜ್ಜನಿಕೆಯ ಮನಸ್ಸೇ ಹೆಚ್ಚು ಅಪಾಯಕಾರಿ ಎಂದು ಅಂದಿನಿಂದ ನನಗೆ ಅನ್ನಿಸುತ್ತಿದೆ.

ನನ್ನನ್ನು ಕೊನೆಗೆ ಸೋಲಿಸಿದ್ದು ಬೆರಳು. ಮಾವನವರಿಗೆ ಎಲೆ ಮಡಚಿ ಕೊಡುವುದು ಅತ್ತೆಯ ಕೆಲಸವಾಗಿತ್ತು. ವ್ರತವಿದ್ದರೂ ಅದು ತಪ್ಪಿರಲಿಲ್ಲ. ಒಂದು ಮಧ್ಯಾಹ್ನ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ, ಅಭ್ಯಾಸಬಲದಿಂದ ಅದನ್ನು ತಮ್ಮ ಬಾಯಿಯವರೆಗೆ ಒಯ್ದವರು ತಡೆದರು. ಎಲೆಯನ್ನು ಮಾವನ ಕೈಗಿಟ್ಟು, ಬೆರಳಿಗೆ ಹತ್ತಿದ್ದ ಸುಣ್ಣವನ್ನು ಕಂಬಕ್ಕೆ ಒರೆಸಿದರು. ನನ್ನ ಕಡೆ ನೋಡಿ, “ಇವತ್ತ ಹೆಂಗೈತಿ ಹಲ್ಲು?” ಎಂದರು.

ಅಂದು ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಅಡಿಗೆಮನೆಯಲ್ಲಿ ಅವರೊಬ್ಬರೇ ಇದ್ದದ್ದನ್ನು ನೋಡಿಕೊಂಡು ಹೋದೆ.

“ಅತ್ತೀ, ನನ್ನ ಹಲ್ಲಿಗೆ ಏನೂ ಆಗಿಲ್ಲರಿ.”

“ಏನೂ ಆಗಿಲ್ಲಂದ್ರ? ಛಲೋ ಆತಂತನೋ, ಮೊದಲಿಂದ ಆಗೇ ಇದ್ದಿಲ್ಲಂತನೋ?”

“ಮೊದಲಿಂದ ಆಗೇ ಇದ್ದಿಲ್ಲರಿ.”

ಬಡಿಯುತ್ತಿದ್ದ ಕೈ ನಿಲ್ಲಲಿಲ್ಲ. ಆ ರೊಟ್ಟಿ ಹಂಚಿಗೆ ಹೋಗಿ, ಮೇಲೆ ನೀರು ಸವರಿಸಿಕೊಂಡು, ತಿರುವಿಸಿಕೊಂಡು, ಉಬ್ಬಿ ಕೆಳಗಿಳಿಯಿತು.

“ಮತ್ತ ಎಲ್ಲಿ ಹೋಗ್ತಿದ್ರಿ?”

“ಉಣಕಲ್ಲ ಕೆರಿಗೆ. ಗಾಜಿನ ಮನಿಗೆ.”

“ಹೋಗಿ ಏನ್ ಮಾಡ್ತಿದ್ರಿ?”

“ಕುಂದರ್ತಿದ್ವಿರಿ.”

“ಕುಂದರಾಕ ಹುಬ್ಬಳ್ಳಿಗೆ ಹೋಗ್ತಿದ್ರಿ?” ಎಂದರು ಅತ್ತೆ. ಇನ್ನೊಂದು ಉಂಡಿ ಹಿಟ್ಟನ್ನು ಕೈಗೆ ತೆಗೆದುಕೊಂಡರು. “ಆತು. ಈಗ ನಾ ದೇವರಿಗೆ ಏನ್ ಹೇಳ್ಲಿ? ಹಲ್ಲು ಛಲೋ ಆದ ಮ್ಯಾಲ ತಿಂತೇನಿ ಅಂದೇನಿ. ಕೆಡಲಾರದ ಹಲ್ಲು ಛಲೋ ಆಗೂದು ಹೆಂಗ?”

ಅದನ್ನು ನಾನು ಯೋಚಿಸಿರಲಿಲ್ಲ. ಎಂ.ಎ. ಪದವಿ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಹರಕೆಯ ಒಂದು ತುದಿ ದೇವರ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಕಟ್ಟಲು ನಾನು ಗೂಟವನ್ನೇ ಇಟ್ಟಿರಲಿಲ್ಲ.

ದಾರಿ ಅತ್ತೆಯೇ ಕಂಡುಹಿಡಿದರು. ಮುಂದಿನ ಗುರುವಾರ ಅವರೇ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟರು, ಖರೇನೇ ಒಬ್ಬ ಹಲ್ಲಿನ ಡಾಕ್ಟರರ ಹತ್ತಿರ. ವಿಷಯ ತಿಳಿದ ನಮ್ಮ ಮನೆಯವರು ಆಫೀಸಿನಿಂದ ನೇರವಾಗಿ ದವಾಖಾನೆಗೆ ಬಂದು, ಮೂಲೆಯ ಕುರ್ಚಿಯಲ್ಲಿ ತಮ್ಮದೇ ಹಲ್ಲು ಕೀಳುವಂತೆ ಮುಖ ಮಾಡಿಕೊಂಡು ಕುಳಿತರು. ಡಾಕ್ಟರು ನನ್ನ ಬಾಯೊಳಗೆ ಬೆಳಕು ಬಿಟ್ಟು, ಕನ್ನಡಿ ಹಾಕಿ, ಒಂದೊಂದನ್ನೇ ತಟ್ಟಿ ನೋಡಿ ಹೇಳಿದರು:

“ಎಲ್ಲಾ ಗಟ್ಟಿ ಅದಾವ್ರಿ. ಏನೂ ಮಾಡೂದು ಬೇಕಾಗಿಲ್ಲ.”

“ಇನ್ನೊಮ್ಮಿ ನೋಡ್ರಿ,” ಎಂದರು ಅತ್ತೆ.

“ನೋಡಿದೆ ಅಮ್ಮಾರ. ಏನೂ ಇಲ್ಲ.”

“ಏನಾರ ಸಣ್ಣದು? ಇಷ್ಟು ದೂರ ಬಂದೇವಿ, ನೀವೂ ಹಿಂಗಂದ್ರ ಹೆಂಗ?”

ಡಾಕ್ಟರು ಬಹಳ ಹೊತ್ತು ಅತ್ತೆಯನ್ನೂ, ಸ್ವಲ್ಪ ಹೊತ್ತು ನನ್ನನ್ನೂ ನೋಡಿದರು. ಹಲ್ಲಿನ ಸಂದಿಯಲ್ಲಿ ತುಸು ಕೊಳೆ ಕಟ್ಟಿದೆ, ತೆಗೆದರೆ ಒಳ್ಳೆಯದೇ ಎಂದರು. ಅತ್ತೆಯ ಮುಖ ಅರಳಿತು. ಅರ್ಧ ತಾಸಿನ ಆ ಕೆರೆತಕ್ಕೆ ತೆತ್ತ ಹಣದಲ್ಲಿ ನಾಲ್ಕು ತಿಂಗಳ ಗುರುವಾರಗಳನ್ನು ಮತ್ತೊಮ್ಮೆ, ಶೇಂಗಾ ಚಹಾ ಸಮೇತ, ಕಳೆಯಬಹುದಾಗಿತ್ತು.

ಹೊರಗೆ ಬಂದಾಗ ಎದುರಿಗೇ ಪಾನಪಟ್ಟಿಯ ಅಂಗಡಿ. “ಈಗ ಹಾಕ್ಕೊಳ್ರಿ ಅತ್ತೀ,” ಎಂದೆ.

“ದೇವರ ಮುಂದ ಕಾಯಿ ಒಡದ ಮ್ಯಾಲ,” ಎಂದು ಅವರು ಬಸ್ ನಿಲ್ದಾಣದ ಕಡೆ ಹೊರಟುಬಿಟ್ಟರು. ಧಾರವಾಡದ ಬಸ್ಸು ನಿಂತಿತ್ತು. ನಾವೂ ಹತ್ತಲು ಹೋದರೆ, ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದರು.

“ನೀವೆಲ್ಲಿಗೆ? ಹೋಗ್ರಿ, ಎಲ್ಲಿ ಕುಂದರ್ತೀರೋ ಕುಂದರ್ರಿ.”

“ಮನ್ಯಾಗ ಏನಂತ ಹೇಳ್ತೀ ಅವ್ವಾ?” ಎಂದರು ಇವರು.

“ಗಂಡಾ ಹೆಂಡ್ತಿ ಅಡ್ಡಾಡಾಕ ಹೋಗ್ಯಾರ ಅಂತೇನಿ. ಅದಕ್ಯಾಕ ಹಲ್ಲು ಬೇಕು?”

“ಅಪ್ಪಾ ಸಿಟ್ಟಾದ್ರ?”

“ಏಳು ವಾರ ಅಡಿಕಿ ಬಿಟ್ಟಾಕಿ ನಾ. ನನ್ನ ಮುಂದ ಯಾರ್ ಸಿಟ್ಟಾಗ್ತಾರ, ಆಗ್ಲಿ ನೋಡೂಣು.”

ಏಳು ಎಂದು ಅವರು ಅಂದು ನಿಜವಾಗಿ ಹೇಳಿದರೋ, ಮೊನ್ನೆ ಡೈರಿಯಲ್ಲಿ ಎಣಿಸಿದ ಮೇಲೆ ನಾನೇ ಆ ಸಂಖ್ಯೆಯನ್ನು ಅವರ ಬಾಯಲ್ಲಿ ಇಟ್ಟೆನೋ, ಹೇಳಲಾರೆ. ಆದರೆ ಅವರು ವಾರಗಳನ್ನು ಎಣಿಸಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಬಸ್ಸು ಹೋಯಿತು. ಮದುವೆಯಾದ ಮೇಲೆ ಮೊದಲ ಸಲ ಸುಳ್ಳಿಲ್ಲದ ಒಂದು ಸಂಜೆ ನಮ್ಮ ಕೈಗೆ ಸಿಕ್ಕಿತ್ತು. ಅದರಲ್ಲಿ ನಾವು ಎಲ್ಲಿಗೆ ಹೋದೆವು, ಏನು ಮಾತಾಡಿದೆವು ಎಂಬುದು ಡೈರಿಯಲ್ಲಿಲ್ಲ, ಇವರಿಗೂ ನೆನಪಿಲ್ಲ, ನನಗೂ ಇಲ್ಲ. ನೆನಪಿರುವುದು ಏಳೂವರೆಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಒಳಗಿನಿಂದ ಬರಬಹುದಾದ ಮಾತಿಗೆ ಇಬ್ಬರೂ ಕಿವಿಗೊಟ್ಟು ನಿಂತದ್ದು. ಮಾತು ಬರಲಿಲ್ಲ. ದೇವರ ಕೋಣೆಯಲ್ಲಿ ಒಡೆದ ಕಾಯಿಯ ಎರಡು ಹೋಳು ಕಾಣುತ್ತಿದ್ದವು. ಪಡಸಾಲೆಯ ಕಂಬಕ್ಕೆ ಒರಗಿ ಅತ್ತೆ ಕಾಲು ಚಾಚಿ ಕುಳಿತಿದ್ದರು. ಅವರ ಎದುರಿಗೆ ಮಾವನವರು, ಹುಟ್ಟಿದಾಗಿನಿಂದ ಆ ಕೆಲಸ ಮಾಡದವರ ಎಡವಟ್ಟು ಕೈಗಳಿಂದ, ಒಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಭಾಳ ಆತದು. ಬಾಯಿ ಸುಡ್ತೈತಿ,” ಎಂದರು ಅತ್ತೆ.

ಮಾವ ಹೆಚ್ಚಾದ ಸುಣ್ಣವನ್ನು ಬೆರಳಿನಿಂದ ತೆಗೆದು, ಎಲ್ಲಿ ಒರೆಸಬೇಕೆಂದು ತಿಳಿಯದೆ ಸುತ್ತ ನೋಡಿದರು. ಅತ್ತೆ ಕಂಬದಿಂದ ತುಸು ಸರಿದು ಜಾಗ ಮಾಡಿಕೊಟ್ಟರು.